ಮಂಗನ ಕಾಯಿಲೆಯ ಲೆಕ್ಕದಲ್ಲಿ ಛೇದವೇ ಇಲ್ಲ: ಆರೋಗ್ಯ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆಯುಕ್ತರು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸೇವೆಗಳು, ಕರ್ನಾಟಕ ಸರ್ಕಾರ,
ಆರೋಗ್ಯ ಸೌಧ, ಬೆಂಗಳೂರು.

ವಿಷಯ: ಮಂಗನ ಕಾಯಿಲೆಯ ವರ್ಷಪೂರ್ತಿ ಕ್ಷೇತ್ರ ಅಧ್ಯಯನ ಮತ್ತು ಹೊಸ ಲಸಿಕೆ ಬರುವ ಮೊದಲು ಆಗಬೇಕಾದ ದಾಖಲಾತಿ ಕುರಿತು.

ಮಾನ್ಯರೇ,

ದೀಪಾವಳಿ ಕಳೆಯುತ್ತಿದ್ದಂತೆ ನಮ್ಮ ಸೀಮೆಯಲ್ಲಿ ಎರಡು ಕೆಲಸಗಳು ಒಟ್ಟಿಗೆ ಶುರುವಾಗುತ್ತವೆ. ತೋಟಗಳಲ್ಲಿ ಅಡಿಕೆ ಕೊನೆ ಇಳಿಯತೊಡಗುತ್ತದೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೆಪಾ ತೈಲದ ಪೆಟ್ಟಿಗೆಗಳು ಇಳಿಯತೊಡಗುತ್ತವೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಕಾಡಿಗೆ ಹೋಗುವ ಮುನ್ನ ಎಣ್ಣೆ ಹಚ್ಚಿಕೊಳ್ಳಿ, ಸತ್ತ ಮಂಗ ಕಂಡರೆ ತಿಳಿಸಿ, ಜ್ವರ ಬಂದರೆ ತಡಮಾಡದೆ ಬನ್ನಿ ಎಂದು ಹೇಳಿ ಹೋಗುತ್ತಾರೆ. ಮೇ ತಿಂಗಳ ಕೊನೆಗೆ ಮಳೆ ಹಿಡಿದರೆ ಜ್ವರ ತಗ್ಗುತ್ತದೆ, ಪೆಟ್ಟಿಗೆಗಳು ಉಗ್ರಾಣ ಸೇರುತ್ತವೆ, ಇಲಾಖೆಯ ಗಮನ ಡೆಂಗಿಯ ಕಡೆ ತಿರುಗುತ್ತದೆ. ಮುಂದಿನ ದೀಪಾವಳಿಯವರೆಗೆ ಮಂಗನ ಕಾಯಿಲೆಯ, ಅಂದರೆ ಉಣುಗು ಕಚ್ಚಿ ಬರುವ ಕ್ಯಾಸನೂರು ಕಾಡಿನ ಕಾಯಿಲೆಯ ಬಗ್ಗೆ ಯಾರೂ ಏನನ್ನೂ ಎಣಿಸುವುದಿಲ್ಲ. ಈ ಪತ್ರ ಇರುವುದು ಆ ಎಣಿಸದ ತಿಂಗಳುಗಳ ಬಗ್ಗೆ.

ನಾನು ಸಾಗರ ತಾಲೂಕಿನ ತೋಟದ ಮನೆಯಲ್ಲಿ ಹುಟ್ಟಿ ಬೆಳೆದು, ಮುಂದೆ ಎಪಿಡೆಮಿಯಾಲಜಿ ಎಂದು ಕರೆಯುವ ಸಾಂಕ್ರಾಮಿಕ ರೋಗ ವಿಜ್ಞಾನವನ್ನು ಓದಿದವಳು. ಈ ವಿದ್ಯೆಗೆ ಕನ್ನಡದಲ್ಲಿ ಎಲ್ಲರೂ ಒಪ್ಪಿದ ಒಂದು ಹೆಸರು ಇನ್ನೂ ನಿಂತಿಲ್ಲ. ಊರಿನಲ್ಲಿ ಯಾರಾದರೂ ಏನು ಓದಿದ್ದೀಯ ಎಂದು ಕೇಳಿದರೆ, ಯಾರಿಗೆ, ಎಲ್ಲಿ, ಯಾವಾಗ, ಯಾಕೆ ಕಾಯಿಲೆ ಬಂತು ಎಂದು ಲೆಕ್ಕ ಇಡುವ ವಿದ್ಯೆ ಎಂದು ಹೇಳುತ್ತೇನೆ. ಹಾಗಾದರೆ ಶ್ಯಾನುಭೋಗಿಕೆ ಅನ್ನು ಎಂದು ನಮ್ಮ ದೊಡ್ಡಪ್ಪ ನಕ್ಕಿದ್ದರು. ಅವರ ಮಾತು ತಪ್ಪಲ್ಲ. ಒಳ್ಳೆಯ ಶ್ಯಾನುಭೋಗರು ಬೆಳೆ ಬಂದ ಗದ್ದೆಯನ್ನಷ್ಟೇ ಬರೆದುಕೊಳ್ಳುತ್ತಿರಲಿಲ್ಲ, ಬೀಳು ಬಿದ್ದ ಗದ್ದೆಯನ್ನೂ ಬರೆದುಕೊಳ್ಳುತ್ತಿದ್ದರು. ನಮ್ಮ ಇಲಾಖೆಯ ಮಂಗನ ಕಾಯಿಲೆಯ ಪುಸ್ತಕದಲ್ಲಿ ಬೀಳು ಗದ್ದೆಗಳಿಗೆ ಕಾಲಂ ಇಲ್ಲ.

ಶಾಲೆಯ ಗಣಿತದ ಭಾಷೆಯಲ್ಲಿ ಹೇಳುವುದಾದರೆ, ನಮ್ಮಲ್ಲಿ ಅಂಶ ಇದೆ, ಛೇದ ಇಲ್ಲ. ಎಷ್ಟು ಜನರಿಗೆ ಸೋಂಕು ದೃಢಪಟ್ಟಿತು, ಎಷ್ಟು ಮಂದಿ ತೀರಿಕೊಂಡರು, ಎಷ್ಟು ಮಂಗಗಳು ಸತ್ತವು ಎಂಬ ಮೇಲಿನ ಸಂಖ್ಯೆಗಳು ಪತ್ರಿಕೆಗಳಲ್ಲಿ ಬರುತ್ತವೆ. ಆ ಋತುವಿನಲ್ಲಿ ಕಾಡಿಗೆ ಹೋದವರು ಎಷ್ಟು, ಜ್ವರ ಬಂದವರಲ್ಲಿ ರಕ್ತ ಪರೀಕ್ಷೆಗೆ ಒಳಗಾದವರು ಎಷ್ಟು, ಆ ಕಾಡಿನಲ್ಲಿ ಇದ್ದ ಮಂಗಗಳು ಎಷ್ಟು, ನೆಲದ ಮೇಲೆ ಉಣುಗಿನ ಸಾಂದ್ರತೆ ಎಷ್ಟು ಎಂಬ ಕೆಳಗಿನ ಸಂಖ್ಯೆಗಳು ಯಾರ ಬಳಿಯೂ ಇಲ್ಲ. ಛೇದವಿಲ್ಲದೆ ಈ ವರ್ಷ ಕಾಯಿಲೆ ಹೆಚ್ಚಿತೋ ಅಥವಾ ಪರೀಕ್ಷೆ ಹೆಚ್ಚಿತೋ ಎಂದು ಹೇಳಲಾಗದು. ಒಂದು ಊರಿನಲ್ಲಿ ಪ್ರಕರಣವೇ ಇಲ್ಲ ಎಂದರೆ ಅಲ್ಲಿ ವೈರಸ್ ಇಲ್ಲವೋ ಅಥವಾ ಹುಡುಕಿದವರು ಇಲ್ಲವೋ ಎಂಬುದೂ ತಿಳಿಯದು.

ಒಂದು ಕಾಲದಲ್ಲಿ ಪರಿಸ್ಥಿತಿ ಹೀಗಿರಲಿಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರಬೇಕಾಗಿದೆ. 1957ರ ಆರಂಭದ ತಿಂಗಳುಗಳಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಅಂಚಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಬಿದ್ದರು, ಅದೇ ಕಾಡಿನಲ್ಲಿ ಮಂಗಗಳೂ ಮುಸಿಯಗಳೂ ಸಾಯುತ್ತಿದ್ದವು. ಮಂಗ ಮತ್ತು ಮನುಷ್ಯ ಒಟ್ಟಿಗೆ ಸಾಯುವ ಕಾಯಿಲೆ ಎಂದರೆ ಆಗಿನ ವೈದ್ಯ ಜಗತ್ತಿಗೆ ಮೊದಲು ನೆನಪಾಗುತ್ತಿದ್ದುದು ದಕ್ಷಿಣ ಅಮೆರಿಕ ಮತ್ತು ಆಫ್ರಿಕಾದ ಹಳದಿ ಜ್ವರ. ಏಷ್ಯಾಕ್ಕೆ ಎಂದೂ ಕಾಲಿಡದಿದ್ದ ಆ ಜ್ವರ ಬಂದೇ ಬಿಟ್ಟಿತೇ ಎಂಬ ಆತಂಕದಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್‌ಫೋರ್ಡ್ ವರ್ಕ್ ಮತ್ತು ಅವರ ಸಂಗಡಿಗರು ಇಲ್ಲಿಗೆ ಧಾವಿಸಿದರು. ಈ ಕೇಂದ್ರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ರಾಕ್‌ಫೆಲ್ಲರ್ ಪ್ರತಿಷ್ಠಾನ ಜೊತೆಗೂಡಿ 1952ರಲ್ಲಿ ಸ್ಥಾಪಿಸಿದ್ದು, ಇಂದು ಅದೇ ರಾಷ್ಟ್ರೀಯ ವೈರಾಣು ಸಂಸ್ಥೆ. ಕಾಯಿಲೆ ಬಿದ್ದ ಮಂಗದಿಂದ ಪ್ರತ್ಯೇಕಿಸಿದ ವೈರಸ್ ಹಳದಿ ಜ್ವರದ್ದಾಗಿರಲಿಲ್ಲ. ರಷ್ಯಾದ ಕಾಡುಗಳಲ್ಲಿ ಉಣುಗುಗಳಿಂದ ಹರಡುವ ಮಿದುಳು ಜ್ವರದ ಗುಂಪಿಗೆ ಸೇರಿದ, ಅದುವರೆಗೆ ಯಾರೂ ಕಾಣದ ವೈರಸ್ ಅದಾಗಿತ್ತು. ಸೈಬೀರಿಯಾದ ಕಡೆಯಿಂದ ವಲಸೆ ಹಕ್ಕಿಗಳು ಹೊತ್ತು ತಂದಿರಬಹುದೇ ಎಂಬ ಗುಮಾನಿಯೂ ಆಗ ಎದ್ದಿತ್ತು.

ನನ್ನ ಮಟ್ಟಿಗೆ ಆ ಪತ್ತೆದಾರಿಕೆಗಿಂತ ದೊಡ್ಡ ಸಂಗತಿ ಅದರ ಮರುವರ್ಷಗಳದ್ದು. ಕಾರಣ ಸಿಕ್ಕಿತೆಂದು ತಂಡ ಗಂಟು ಕಟ್ಟಿಕೊಂಡು ಹೋಗಲಿಲ್ಲ. ಸಾಗರದಲ್ಲಿ ಕ್ಷೇತ್ರ ಕೇಂದ್ರವನ್ನು ತೆರೆದು, ಮಳೆಗಾಲ ಬೇಸಿಗೆ ಎನ್ನದೆ ಕಾಡಿನ ನೆಲದ ಮೇಲೆ ಬಟ್ಟೆ ಎಳೆದು ಉಣುಗು ಹಿಡಿದರು, ಇಲಿ, ಅಳಿಲು, ಹಕ್ಕಿ, ದನಗಳ ಮೈ ಹುಡುಕಿದರು, ಮಂಗಗಳ ಸಾವನ್ನು ಜಾಗ ಮತ್ತು ತಾರೀಖಿನ ಸಮೇತ ಬರೆದಿಟ್ಟರು. ಶಿವಮೊಗ್ಗ ಜಿಲ್ಲೆಯ ಮಂಗಗಳ ಸಾವಿನ ವಿವರಗಳು 1957ರಿಂದ 1964ರವರೆಗೆ ಒಂದು ಕಂತಾಗಿ, 1964ರಿಂದ 1973ರವರೆಗೆ ಇನ್ನೊಂದು ಕಂತಾಗಿ ಪ್ರಕಟವಾಗಿವೆ. ಕೊಲಂಬಿಯಾದಲ್ಲಿ ಹಳದಿ ಜ್ವರದ ಮೇಲೆ ಕೆಲಸ ಮಾಡಿ ಬಂದಿದ್ದ ಹೋರ್ಹೆ ಬೊಶೆಲ್ ಎಂಬ ವಿಜ್ಞಾನಿ ನಮ್ಮ ಕಾಡು, ಗದ್ದೆ, ದನದ ದಾರಿಗಳನ್ನು ನೋಡಿ 1969ರಲ್ಲಿ ಒಂದು ಮುಖ್ಯ ವಾದವನ್ನು ಮುಂದಿಟ್ಟರು. ಜನವಸತಿ ಕಾಡಿನೊಳಗೆ ಚಾಚಿದಂತೆ ದನಗಳೂ ಅದರ ಹಿಂದೆ ಹೋದವು, ದನಗಳ ಮೈ ಮೇಲೆ ರಕ್ತ ಹೀರಿ ಬೆಳೆದ ಉಣುಗುಗಳು ಕಾಡಿನಂಚಿನಲ್ಲಿ ಮಿತಿಮೀರಿ ಹೆಚ್ಚಿದವು, ಎಲ್ಲೋ ಮೂಲೆಯಲ್ಲಿ ಸದ್ದಿಲ್ಲದೆ ಸುತ್ತುತ್ತಿದ್ದ ವೈರಸ್ಸಿಗೆ ಹೀಗೆ ದಾರಿ ತೆರೆಯಿತು ಎಂಬುದು ಆ ವಾದದ ಸಾರ.

ಇಂದಿಗೂ ನಾವು ಕರಪತ್ರಗಳಲ್ಲಿ ಅಚ್ಚು ಹಾಕಿಸುವ ತಿಳಿವಳಿಕೆಯ ಬಹುಪಾಲು ಆ ಹದಿನೈದಿಪ್ಪತ್ತು ವರ್ಷಗಳ ಗಳಿಕೆ. ರೋಗವನ್ನು ಮುಖ್ಯವಾಗಿ ಹರಡುವ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗಿನ ಜೀವನಚಕ್ರ ಮಳೆಗೆ ಹೊಂದಿಕೊಂಡಿದೆ. ಮಳೆಗಾಲದಲ್ಲಿ ಬಲಿತ ಉಣುಗುಗಳು ದನದಂಥ ದೊಡ್ಡ ಪ್ರಾಣಿಗಳನ್ನು ಹಿಡಿಯುತ್ತವೆ. ಮೊಟ್ಟೆಯೊಡೆದ ಮರಿಗಳು ಮಳೆ ಹಿಂದೆಗೆಯುವ ಹೊತ್ತಿಗೆ ಹುಲ್ಲು ಎಲೆಗಳ ಮೇಲೆ ಕಾಯುತ್ತವೆ. ನವೆಂಬರಿನಿಂದಾಚೆಗೆ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದಾದ, ಇನ್ನೂ ಪೂರ್ತಿ ಬಲಿಯದ ಮಧ್ಯದ ಹಂತದ ಉಣುಗುಗಳು ದರಗಿನ, ಅಂದರೆ ಉದುರಿದ ಒಣ ಎಲೆಗಳ ನಡುವೆ ತುಂಬಿಕೊಳ್ಳುತ್ತವೆ. ಮನುಷ್ಯನನ್ನು ಕಚ್ಚಿ ಕಾಯಿಲೆ ಕೊಡುವುದು ಮುಖ್ಯವಾಗಿ ಇವೇ. ಸೋಂಕಿನ ಮಂಗ ಸತ್ತು ಬಿದ್ದರೆ ಅದರ ಮೈ ಮೇಲಿದ್ದ ಉಣುಗುಗಳು ಕಳಚಿಕೊಂಡು ಸುತ್ತಲಿನ ನೆಲಕ್ಕೆ ಇಳಿಯುತ್ತವೆ. ಸತ್ತ ಮಂಗವನ್ನು ಆಂಜನೇಯನ ಅಂಶವೆಂದು ಎತ್ತಿ ತಂದು, ಅರಿಸಿನ ಕುಂಕುಮ ಹಚ್ಚಿ ಮಣ್ಣು ಮಾಡುವ ನಮ್ಮ ಜನರ ಭಕ್ತಿ ಈ ಕಾರಣಕ್ಕೆ ಅಪಾಯಕಾರಿ. ಮನುಷ್ಯನಿಂದ ಮನುಷ್ಯನಿಗೆ ಈ ಕಾಯಿಲೆ ಹರಡುವುದಿಲ್ಲ, ವೈರಸ್ಸಿನ ದೃಷ್ಟಿಯಲ್ಲಿ ನಾವು ದಾರಿ ಮುಗಿಯುವ ಜಾಗ.

ಈಗ ನಮ್ಮ ಋತುಮಾನದ ಎಣಿಕೆಯನ್ನು ಈ ಚಕ್ರದ ಪಕ್ಕಕ್ಕಿಟ್ಟು ನೋಡಬೇಕು. ಜನವರಿಯಲ್ಲಿ ಜನರಿಗೆ ಜ್ವರ ಬರಿಸುವ ಉಣುಗಿನ ಸಂಖ್ಯೆ ಎಷ್ಟಿರುತ್ತದೆ ಎಂಬುದು ಅದರ ಹಿಂದಿನ ಜುಲೈ, ಆಗಸ್ಟ್ ತಿಂಗಳಲ್ಲಿ ದನಗಳ ಮೈ ಮೇಲೆ ಎಷ್ಟು ಬಲಿತ ಉಣುಗುಗಳಿದ್ದವು, ಮಳೆ ಹೇಗಾಯಿತು ಎಂಬುದರಿಂದ ಬಹಳಮಟ್ಟಿಗೆ ನಿಶ್ಚಯವಾಗುವ ಸಂಗತಿ. ನಾವು ಪೆಟ್ಟಿಗೆ ಕಟ್ಟಿ ಉಗ್ರಾಣಕ್ಕೆ ಹಾಕುವುದು ಸರಿಯಾಗಿ ಆ ತಿಂಗಳುಗಳಲ್ಲಿ. ಮಂಗ ಸತ್ತ ಸುದ್ದಿಯೇ ನಮಗೆ ಮೊದಲ ಎಚ್ಚರಿಕೆಯಾಗಿರುವುದರಿಂದ, ಎಚ್ಚರಿಕೆ ಸಿಗುವ ಹೊತ್ತಿಗೆ ವೈರಸ್ ಆ ಕಾಡಿನಲ್ಲಿ ಆಗಲೇ ಒಂದು ಸುತ್ತು ಮುಗಿಸಿರುತ್ತದೆ.

ಆ ಸುದ್ದಿಯಾದರೂ ಸರಿಯಾಗಿ ಬರುತ್ತದೆಯೇ? ಎರಡು ವರ್ಷಗಳ ಹಿಂದೆ ಒಂದು ಹಳ್ಳಿಯಲ್ಲಿ ಸಮೀಕ್ಷೆಗೆ ಹೋದಾಗ, ತೋಟದ ಮೂಲೆಯಲ್ಲಿ ಹೊಸದಾಗಿ ಮುಚ್ಚಿದ ಸಣ್ಣ ಗುಂಡಿಯೊಂದು ಕಂಡಿತು. ಮನೆಯ ಯಜಮಾನರು ಮೊದಲು ನಾಯಿ ಎಂದರು. ಕಾಫಿ ಕುಡಿದ ಮೇಲೆ ಮಂಗ ಎಂದು ಒಪ್ಪಿಕೊಂಡರು. ಅವರು ಹೇಳಿದ ಕಾರಣಕ್ಕೆ ನಾನು ಎದುರು ಆಡಲಾಗಲಿಲ್ಲ: "ತಂಗಿ, ಮಂಗ ಬಿದ್ದಿದೆ ಅಂತ ಸುದ್ದಿ ಆದರೆ ನಾಳೆಯಿಂದ ಕೊನೆ ಕೊಯ್ಯಲಿಕ್ಕೆ ಒಬ್ಬ ಆಳೂ ಬರುವುದಿಲ್ಲ. ಅಡಿಕೆ ಮರದಲ್ಲೇ ಹಣ್ಣಾಗಿ ಉದುರಿದರೆ ಇಲಾಖೆಯವರು ಕೊಡುತ್ತಾರೆಯೇ?" ವರ್ಷದ ದುಡಿಮೆ ಕೈಗೆ ಬರುವ ತಿಂಗಳು, ಉಣುಗು ಏಳುವ ತಿಂಗಳು ಎರಡೂ ಒಂದೇ ಆಗಿರುವ ಸೀಮೆಯಲ್ಲಿ ಸುದ್ದಿ ಮುಚ್ಚಿಡುವವರನ್ನು ಅಜ್ಞಾನಿಗಳೆನ್ನುವುದು ಸುಲಭ, ನ್ಯಾಯವಲ್ಲ. ಮಂಗಗಳ ಕಾಟ ತಡೆಯಲಾರದೆ ಅವುಗಳನ್ನು ಹಿಡಿಸಿ ದೂರದ ಕಾಡಿಗೆ ಬಿಟ್ಟು ಬರುವ ವಾಡಿಕೆಯೂ ನಮ್ಮಲ್ಲಿದೆ. ಯಾವ ಕಾಡಿನ ಮಂಗ ಯಾವ ಕಾಡಿಗೆ ಹೋಯಿತು, ಅದರ ಮೈ ಮೇಲೆ ಏನು ಹೋಯಿತು ಎಂಬುದೂ ಯಾವ ಪುಸ್ತಕದಲ್ಲಿಯೂ ಸೇರುವುದಿಲ್ಲ.

ಸುದ್ದಿ ಬಂದರೂ ಅದು ಸೇರುವ ಜಾಗಗಳು ಬೇರೆ ಬೇರೆ. ಸತ್ತ ಮಂಗ ಅರಣ್ಯ ಇಲಾಖೆಯ ಪುಸ್ತಕದಲ್ಲಿ, ಅದರ ಮರಣೋತ್ತರ ಪರೀಕ್ಷೆ ಪಶು ವೈದ್ಯರ ಪುಸ್ತಕದಲ್ಲಿ, ಪಕ್ಕದ ಮನೆಯ ಜ್ವರ ತಮ್ಮ ಇಲಾಖೆಯ ಪುಸ್ತಕದಲ್ಲಿ. 2018ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಸಮಗ್ರ ಆರೋಗ್ಯ ಮಾಹಿತಿ ವೇದಿಕೆಯನ್ನು ಮೊದಲು ಆರಂಭಿಸಿದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಜ್ವರದ ಪ್ರಕರಣಗಳನ್ನು ಹಳ್ಳಿವಾರು ನಮೂದಿಸುವ ಸೌಕರ್ಯ ಹೀಗೆ ನಮಗೆ ಬೇರೆಯವರಿಗಿಂತ ಮೊದಲೇ ದಕ್ಕಿದೆ. ಮೂರೂ ಪುಸ್ತಕಗಳು ಒಂದೇ ನಕ್ಷೆಯ ಮೇಲೆ ಕೂರಬೇಕು ಎಂಬುದಕ್ಕೆ ಹೊಸ ತಂತ್ರಾಂಶ ಬೇಕಿಲ್ಲ, ಮೂರು ಇಲಾಖೆಗಳ ಕಾರ್ಯದರ್ಶಿಗಳ ಒಂದು ಜಂಟಿ ಸುತ್ತೋಲೆ ಸಾಕು.

ಮಾನ್ಯರೇ, ಛೇದ ಇಲ್ಲದಿರುವುದರ ಅತಿ ದೊಡ್ಡ ಬೆಲೆಯನ್ನು ನಾವು ತೆತ್ತದ್ದು ಲಸಿಕೆಯ ವಿಷಯದಲ್ಲಿ. ಹಾಗಾಗಿ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಲು ಅನುಮತಿ ಕೋರುತ್ತೇನೆ.

ಕೋಳಿ ಭ್ರೂಣದ ಜೀವಕೋಶಗಳಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿ ತಯಾರಿಸುತ್ತಿದ್ದ ಹಳೆಯ ಲಸಿಕೆಯನ್ನು 1990ರ ದಶಕದ ಆರಂಭದಲ್ಲಿ ಶಿವಮೊಗ್ಗ, ಉತ್ತರ ಕನ್ನಡ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಪರೀಕ್ಷಿಸಲಾಯಿತು. ಒಂದು ಡೋಸ್ ಪಡೆದವರಲ್ಲಿ ಶೇ 79.3ರಷ್ಟು, ಎರಡು ಡೋಸ್ ಪಡೆದವರಲ್ಲಿ ಶೇ 93.5ರಷ್ಟು ರಕ್ಷಣೆ ದೊರೆಯಿತೆಂದು 1994ರಲ್ಲಿ ವರದಿಯಾಯಿತು. ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ ತಯಾರಾಗುತ್ತಿದ್ದ ಈ ಲಸಿಕೆಯನ್ನು, ಕಾಯಿಲೆ ಕಂಡ ಊರಿನ ಸುತ್ತ ಐದು ಕಿಲೋಮೀಟರ್ ವ್ಯಾಪ್ತಿಯ ಹಳ್ಳಿಗಳಲ್ಲಿ ನೀಡುವ ಪದ್ಧತಿ ಮುಂದೆ ಬಂದಿತು. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳ ಬಳಿಕ ಬೂಸ್ಟರ್, ಆಮೇಲೆ ಐದು ವರ್ಷ ಪ್ರತಿ ವರ್ಷ ಒಂದೊಂದು ಬೂಸ್ಟರ್ ಎಂಬುದು ಪೂರ್ಣ ಕ್ರಮವಾಗಿತ್ತು. ಚುಚ್ಚಿದ ತೋಳು ವಿಪರೀತ ನೋಯುತ್ತಿತ್ತು. ಮಾರನೆಯ ದಿನ ಕೂಲಿ ತಪ್ಪುತ್ತಿತ್ತು. ಮೊದಲ ಡೋಸ್‌ಗೆ ಬಂದವರು ಎರಡನೆಯದಕ್ಕೆ ಬರಲಿಲ್ಲ, ಎರಡನೆಯದಕ್ಕೆ ಬಂದವರಲ್ಲಿ ಬೂಸ್ಟರಿನವರೆಗೆ ಉಳಿದವರು ಇನ್ನೂ ಕಡಿಮೆ.

2005ರಿಂದ 2010ರವರೆಗಿನ ದಾಖಲೆಗಳನ್ನು ಹಿಡಿದು ರಾಜ್ಯದ ಆರೋಗ್ಯಾಧಿಕಾರಿಗಳೂ ಸಂಶೋಧಕರೂ ಜೊತೆಗೂಡಿ ಲೆಕ್ಕ ಹಾಕಿದಾಗ, ಎರಡು ಡೋಸ್‌ನ ಪರಿಣಾಮ ಶೇ 62.4ಕ್ಕೆ ಇಳಿದದ್ದು, ಬೂಸ್ಟರ್ ಸೇರಿದರೆ ಶೇ 82.9 ಇದ್ದದ್ದು ಗೊತ್ತಾಯಿತು. ಈ ಅಧ್ಯಯನ ಪ್ರಕಟವಾದದ್ದು 2013ರಲ್ಲಿ. ಅಂದರೆ ಮೊದಲ ಪರೀಕ್ಷೆಗೂ ಈ ಎಚ್ಚರಿಕೆಗೂ ನಡುವೆ ಸುಮಾರು ಇಪ್ಪತ್ತು ವರ್ಷ. ಅದಾದ ಮೇಲೆಯೂ ಒಂಬತ್ತು ವರ್ಷ ಅದೇ ಲಸಿಕೆ ನಡೆದು, ಅದರ ಶಕ್ತಿ ಕುಂದಿದೆ ಎಂಬ ಕಾರಣಕ್ಕೆ 2022ರಲ್ಲಿ ಲಸಿಕೆ ನೀಡುವುದನ್ನೇ ನಿಲ್ಲಿಸಲಾಯಿತು. ನಿಲ್ಲಿಸಿದ ನಿರ್ಧಾರವನ್ನು ನಾನು ತಪ್ಪು ಎನ್ನುವುದಿಲ್ಲ. ಪ್ರತಿ ವರ್ಷ ಛೇದ ಬರೆದಿಟ್ಟಿದ್ದರೆ, ರಕ್ಷಣೆ ಯಾವ ವರ್ಷದಿಂದ ಇಳಿಯತೊಡಗಿತು ಎಂಬುದು ಆ ವರ್ಷವೇ ತಿಳಿಯುತ್ತಿತ್ತಲ್ಲ ಎಂಬುದಷ್ಟೇ ನನ್ನ ತಕರಾರು.

ಹಳ್ಳಿಯ ಕಟ್ಟೆಯ ಮೇಲೆ ನಡೆಯುವ ವಾದವೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಸಾವಿರ ಜನರ ಊರು, ಎಂಟು ನೂರು ಜನ ಲಸಿಕೆ ಹಾಕಿಸಿಕೊಂಡಿದ್ದಾರೆ, ಇನ್ನೂರು ಜನ ಇಲ್ಲ. ಆ ವರ್ಷ ಹತ್ತು ಮಂದಿಗೆ ಕಾಯಿಲೆ ಬಂತು, ಅದರಲ್ಲಿ ಆರು ಮಂದಿ ಲಸಿಕೆ ಪಡೆದವರು. "ಹತ್ತರಲ್ಲಿ ಆರು ಜನ ಚುಚ್ಚಿಸಿಕೊಂಡವರೇ, ಅದರಿಂದ ಏನು ಉಪಯೋಗ" ಎಂದು ಊರು ಮಾತಾಡುತ್ತದೆ, ಪತ್ರಿಕೆಯಲ್ಲಿಯೂ ಹಾಗೆಯೇ ಬರುತ್ತದೆ. ಛೇದ ಇಟ್ಟು ನೋಡಿದರೆ, ಲಸಿಕೆ ಪಡೆದ ಎಂಟು ನೂರರಲ್ಲಿ ಆರು ಎಂದರೆ ಸಾವಿರಕ್ಕೆ ಏಳೂವರೆ, ಪಡೆಯದ ಇನ್ನೂರರಲ್ಲಿ ನಾಲ್ಕು ಎಂದರೆ ಸಾವಿರಕ್ಕೆ ಇಪ್ಪತ್ತು. ಲಸಿಕೆ ಅಪಾಯವನ್ನು ಶೇ 62.5ರಷ್ಟು ತಗ್ಗಿಸಿದೆ. ಈ ಸಂಖ್ಯೆಗಳು ನಾನು ಉದಾಹರಣೆಗೆಂದು ಕಟ್ಟಿದವು, ಆದರೆ ಆ ಕಟ್ಟೆಯ ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ. ಉತ್ತರ ಕೊಡಬೇಕಾದ ಆರೋಗ್ಯ ಸಿಬ್ಬಂದಿಯ ಕೈಯಲ್ಲಿ ಆ ಊರಿನ ಎಂಟು ನೂರು, ಇನ್ನೂರು ಎಂಬ ಅಂಕಿ ಇರಲಿಲ್ಲ. ಅವರು ಸುಮ್ಮನೆ ನಿಂತಿದ್ದರು.

ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸೇರಿ ಹೊಸ ಲಸಿಕೆಯನ್ನು ಸಿದ್ಧಪಡಿಸುತ್ತಿರುವುದು ಮಲೆನಾಡಿಗೆ ಬಹಳ ದಿನಗಳ ನಂತರ ಸಿಕ್ಕ ಒಳ್ಳೆಯ ಸುದ್ದಿ. ಅದು ಊರಿಗೆ ಬರುವ ದಿನ ಮೊದಲ ಸಲದ ತಪ್ಪು ಮರುಕಳಿಸಬಾರದು ಎಂಬುದು ಈ ಪತ್ರದ ಮುಖ್ಯ ಕೋರಿಕೆ. ಲಸಿಕೆಗೆ ಅರ್ಹರಾದ ಪ್ರತಿಯೊಬ್ಬರ ಹಳ್ಳಿವಾರು ಪಟ್ಟಿ ಈಗಲೇ ತಯಾರಾಗಬೇಕು, ಏಕೆಂದರೆ ಲಸಿಕೆ ಬಂದ ಮೇಲೆ ಪಟ್ಟಿ ಮಾಡಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ಹಳೆಯ ಲಸಿಕೆಯ ಎಷ್ಟು ಡೋಸ್ ಯಾರಿಗೆ ಯಾವ ವರ್ಷ ಸಿಕ್ಕಿತ್ತು ಎಂಬುದೂ ಆ ಪಟ್ಟಿಯಲ್ಲಿ ಸೇರಬೇಕು. ಮೊದಲ ವರ್ಷ ಎಲ್ಲ ಹಳ್ಳಿಗಳಿಗೂ ಸಾಕಾಗುವಷ್ಟು ಲಸಿಕೆ ಸಿಗುವುದು ಹೇಗೂ ಅನುಮಾನ. ಹಾಗಿರುವಾಗ ಯಾವ ಹಳ್ಳಿಗೆ ಮೊದಲು, ಯಾವುದಕ್ಕೆ ಆಮೇಲೆ ಎಂಬುದು ಶಿಫಾರಸಿನ ಮೇಲೆ ನಿಲ್ಲದೆ, ಅಪಾಯ ಸಮಾನವಾಗಿರುವ ಹಳ್ಳಿಗಳ ನಡುವೆ ಚೀಟಿ ಎತ್ತುವ ಮೂಲಕ ತೀರ್ಮಾನವಾದರೆ, ಹಂಚಿಕೆಯೂ ನ್ಯಾಯವಾಗುತ್ತದೆ, ಮೊದಲು ಪಡೆದ ಹಳ್ಳಿಗಳನ್ನು ಕಾಯುತ್ತಿರುವ ಹಳ್ಳಿಗಳ ಜೊತೆ ಹೋಲಿಸಿ ಲಸಿಕೆಯ ನಿಜವಾದ ಫಲವನ್ನೂ ಅಳೆಯಬಹುದು. ಕಾಯುವ ಹಳ್ಳಿಗಳಿಗೆ ಎಣ್ಣೆ, ನಿಗಾ, ಆಂಬುಲೆನ್ಸ್ ಯಾವುದೂ ಕಡಿಮೆಯಾಗಬಾರದು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಪರೀಕ್ಷೆಯ ವಿಷಯದಲ್ಲಿ ಒಂದೇ ಮಾತು. ವೈರಸ್ಸನ್ನೇ ಹುಡುಕುವ ಆರ್‌ಟಿ-ಪಿಸಿಆರ್ ಪರೀಕ್ಷೆ ಜ್ವರದ ಮೊದಲ ದಿನಗಳಲ್ಲಿ ಫಲಕಾರಿ, ದಿನ ಕಳೆದಂತೆ ಪ್ರತಿಕಾಯ ಹುಡುಕುವ ಎಲೈಸಾ ಬೇಕಾಗುತ್ತದೆ. ಆದರೆ ಮಾದರಿಯ ಜೊತೆ ಹೋಗುವ ನಮೂನೆಯಲ್ಲಿ ಜ್ವರ ಶುರುವಾದ ತಾರೀಖಿನ ಜಾಗ ಖಾಲಿ ಬಿಟ್ಟಿರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ನನ್ನ ಸ್ವಂತ ಚಿಕ್ಕಮ್ಮನ ನಮೂನೆಯಲ್ಲಿಯೂ ಅದು ಖಾಲಿ ಇತ್ತು. ಹನ್ನೆರಡನೆಯ ದಿನದ ರಕ್ತಕ್ಕೆ ಪಿಸಿಆರ್ ಮಾತ್ರ ಮಾಡಿ ಇಲ್ಲ ಎಂದು ಬರೆದು ಕಳಿಸಿದರೆ, ಆ ಮನೆಯವರು ಧೈರ್ಯವಾಗಿ ಅದೇ ಕಾಡಿಗೆ ಮರುದಿನ ಸೊಪ್ಪಿಗೆ ಹೋಗುತ್ತಾರೆ. ತಾರೀಖು ಇಲ್ಲದ ಮಾದರಿಯನ್ನು ಪ್ರಯೋಗಾಲಯ ಹಾಗೆಯೇ ಸ್ವೀಕರಿಸದೆ, ಫೋನ್ ಮಾಡಿ ಕೇಳಿ ತುಂಬಿಸುವ ನಿಯಮ ಬರಲಿ.

ಈ ಕಾಯಿಲೆ ಶಿವಮೊಗ್ಗದ್ದು ಎಂಬ ಭಾವನೆ ವಿಧಾನಸೌಧದ ಕಾರಿಡಾರುಗಳಲ್ಲಿ ಈಗಲೂ ಇದೆ. 1982ರ ಕೊನೆಯಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ, ಗೇರು ತೋಟಕ್ಕಾಗಿ ಕಾಡು ಕಡಿದ ನಿಡ್ಲೆಯ ಸುತ್ತಮುತ್ತ ಅದು ಸಿಡಿದಾಗಲೇ ಆ ಭಾವನೆ ಹೋಗಬೇಕಿತ್ತು. 2012ರಲ್ಲಿ ಬಂಡೀಪುರದಲ್ಲಿ ಮಂಗಗಳು ಸತ್ತು ಅರಣ್ಯ ಸಿಬ್ಬಂದಿಗೆ ಸೋಂಕು ತಗುಲಿತು. ಅಲ್ಲಿಂದ ನೀಲಗಿರಿ, ವಯನಾಡು, ಮಲಪ್ಪುರಂ, 2015ರಲ್ಲಿ ಗೋವಾದ ಸತ್ತರಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ ಎಂದು ಪಶ್ಚಿಮ ಘಟ್ಟದ ಉದ್ದಕ್ಕೂ ಅದು ಕಾಣಿಸಿಕೊಂಡಿದೆ. ಹೊಸದಾಗಿ ಹರಡಿತೋ, ಮೊದಲೇ ಇದ್ದದ್ದು ಹುಡುಕಿದಾಗ ಸಿಕ್ಕಿತೋ? ಆ ಕಾಡುಗಳಲ್ಲಿ ಮೊದಲಿನಿಂದ ಎಣಿಕೆ ಇದ್ದಿದ್ದರೆ ಈ ಪ್ರಶ್ನೆ ಉಳಿಯುತ್ತಿರಲಿಲ್ಲ. 2018ರ ಡಿಸೆಂಬರಿನಲ್ಲಿ ಸಾಗರ ತಾಲೂಕಿನ ಅರಲಗೋಡಿನಲ್ಲಿ ಕಾಯಿಲೆ ಎದ್ದು, ಶರಾವತಿ ಹಿನ್ನೀರಿನ ಆ ಬಡ ಹಳ್ಳಿಗಳಿಂದ ರೋಗಿಗಳನ್ನು ಘಟ್ಟ ಇಳಿಸಿ ಮಣಿಪಾಲದವರೆಗೆ ಒಯ್ದ ತಿಂಗಳುಗಳನ್ನು ನಮ್ಮ ಸೀಮೆ ಇನ್ನೂ ಮರೆತಿಲ್ಲ. ಕರೆಂಟಿಗಾಗಿ ಮುಳುಗಡೆಯಾದವರ ಮಕ್ಕಳು ಮೊಮ್ಮಕ್ಕಳು ಕಾಡಿನ ಅಂಚಿನಲ್ಲಿ ಬದುಕು ಕಟ್ಟಿಕೊಂಡ ಜಾಗ ಅದು ಎಂಬುದೂ ರೋಗದ ಕಥೆಯ ಒಂದು ಭಾಗವೇ.

ಅಧ್ಯಯನವೇ ನಡೆಯುತ್ತಿಲ್ಲ ಎಂಬುದು ನನ್ನ ದೂರಲ್ಲ. ಬ್ರಿಟನ್ನಿನ ಪರಿಸರ ಮತ್ತು ಜಲವಿಜ್ಞಾನ ಕೇಂದ್ರ, ಯಲಹಂಕದ ಪಶುರೋಗ ಸಂಶೋಧನಾ ಸಂಸ್ಥೆ ನಿವೇದಿ, ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ, ಐಸಿಎಂಆರ್ ಹಾಗೂ ತಮ್ಮದೇ ಇಲಾಖೆ ಜೊತೆಗೂಡಿ ಮಾಡಿದ, 2020ರಲ್ಲಿ ಪ್ರಕಟವಾದ ಕೆಲಸದಲ್ಲಿ, ತೋಟ ಮತ್ತು ತೇವದ ಕಾಡು ಒಂದರೊಳಗೊಂದು ಹೆಣೆದುಕೊಂಡಿರುವ, ದನಗಳ ಸಂಖ್ಯೆಯೂ ಹೆಚ್ಚಿರುವ ಜಾಗಗಳಲ್ಲಿ ಅಪಾಯ ಹೆಚ್ಚು ಎಂದು ತೋರಿಸಲಾಗಿದೆ. ಬೊಶೆಲ್ ಅರ್ಧ ಶತಮಾನದ ಹಿಂದೆ ಕಣ್ಣಾರೆ ಕಂಡು ಹೇಳಿದ್ದನ್ನು ಅದು ನಕ್ಷೆಯ ಮೇಲೆ ತಂದಿತು. ಅದೇ ಬಳಗದ ಇನ್ನೊಂದು ವಿಮರ್ಶೆಯಲ್ಲಿ, ಉಣುಗು ಮತ್ತು ಕಾಡುಪ್ರಾಣಿಗಳ ಬಗ್ಗೆ ನಾವು ಆಧರಿಸಿರುವ ಪುರಾವೆ ಬಹಳಷ್ಟು ಹಳೆಯದು, ತೆಳುವಾದದ್ದು ಎಂಬ ಮಾತೂ ಇದೆ. ಯೋಜನೆಗಳ ಕಷ್ಟವೆಂದರೆ ಅವು ಮೂರು ವರ್ಷಕ್ಕೆ ಮುಗಿಯುತ್ತವೆ, ಮಂಗಗಳ ಸಂತತಿಯಲ್ಲಿ ಸೋಂಕು ಗೆದ್ದು ಉಳಿದವುಗಳ ಪಾಲು ತಗ್ಗಿ ಹೊಸ ಮರಿಗಳ ಪಾಲು ಏರಲು ಅದಕ್ಕಿಂತ ಹೆಚ್ಚು ಕಾಲ ಬೇಕು. ಅಂಥ ಏರಿಳಿತವೇ ಕೆಲವು ವರ್ಷ ಕಾಯಿಲೆ ಎದ್ದು ಕೆಲವು ವರ್ಷ ಮಲಗಲು ಕಾರಣವೇ ಎಂಬುದನ್ನು ಮೂರು ವರ್ಷದ ಯೋಜನೆ ಹೇಳಲಾರದು.

ಆದ್ದರಿಂದ ನಾನು ಕೇಳುತ್ತಿರುವುದು ಒಂದು ಸಣ್ಣ, ಆದರೆ ಬೀಗ ಬೀಳದ ಕೇಂದ್ರ. ಸಾಗರದಲ್ಲಿಯೇ ಇರಲಿ, ಹೊಸನಗರ ಅಥವಾ ಸಿದ್ದಾಪುರದಲ್ಲಿಯೂ ಆಗಬಹುದು. ಅಪಾಯಕಾರಿ ವೈರಸ್ ಬೆಳೆಸುವ ಪ್ರಯೋಗಾಲಯ ಅಲ್ಲಿ ಬೇಡವೇ ಬೇಡ, ಅದಕ್ಕೆ ಪುಣೆ ಇದೆ, ಮಾದರಿ ಪರೀಕ್ಷೆಗೆ ಶಿವಮೊಗ್ಗದ ಪ್ರಯೋಗಾಲಯ ಇದೆ. ಇಲ್ಲಿ ಬೇಕಿರುವುದು ಒಬ್ಬ ಕೀಟತಜ್ಞ, ಒಬ್ಬ ಪಶು ವೈದ್ಯ, ಒಬ್ಬ ಸಾಂಕ್ರಾಮಿಕ ರೋಗ ತಜ್ಞ, ಅಂಕಿಅಂಶ ನೋಡಿಕೊಳ್ಳುವ ಒಬ್ಬರು ಮತ್ತು ಕಾಡು ಬಲ್ಲ ಸ್ಥಳೀಯ ಯುವಕ ಯುವತಿಯರು. ಗುರುತಿಸಿದ ಅವೇ ಜಾಗಗಳಲ್ಲಿ ತಿಂಗಳಿಗೊಮ್ಮೆ, ಮಳೆಗಾಲದಲ್ಲಿಯೂ, ಬಟ್ಟೆ ಎಳೆದು ಉಣುಗು ಎಣಿಸಬೇಕು. ಅವೇ ಹಳ್ಳಿಗಳ ಕೊಟ್ಟಿಗೆಗಳಲ್ಲಿ ದನಗಳ ಮೈ ನೋಡಬೇಕು. ಮಂಗಗಳ ಗುಂಪುಗಳನ್ನು ಸತ್ತಾಗಲ್ಲ, ಬದುಕಿರುವಾಗ ಎಣಿಸಬೇಕು. ಬಂದ ಅಂಕಿಗಳನ್ನು ರೋಗಿಗಳ ಹೆಸರು ಬಿಟ್ಟು, ಹಳ್ಳಿವಾರು, ಕನ್ನಡದಲ್ಲಿ, ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಬೇಕು. ತಮ್ಮ ಊರಿನ ಕಾಡಿನಲ್ಲಿ ಈ ತಿಂಗಳು ಉಣುಗು ಹೆಚ್ಚಿದೆ ಎಂದು ಗೋಡೆಯ ಮೇಲೆ ಓದಿದವರು ದರಗು ಗುಡಿಸುವ ಕೆಲಸವನ್ನು ಮುಂದೂಡಬಲ್ಲರು. ಎಣ್ಣೆ ಹಚ್ಚಿಕೊಳ್ಳಿ ಎಂಬ ಸಾರ್ವತ್ರಿಕ ಉಪದೇಶ ಎಲ್ಲ ಊರಿಗೂ ಒಂದೇ ಆಗಿರುವುದರಿಂದಲೇ ಯಾವ ಊರೂ ಅದನ್ನು ತನ್ನದೆಂದು ಕೇಳಿಸಿಕೊಳ್ಳುವುದಿಲ್ಲ.

ಮಂಗದ ಸಾವು ತಿಳಿಸಿದ ತೋಟದವರಿಗೆ ಕೊಯ್ಲಿನ ಆಳುಗಳು ತಪ್ಪಿದರೆ ಏನು ಮಾಡಬೇಕು ಎಂಬುದು ತಮ್ಮ ಇಲಾಖೆಯೊಂದೇ ಬಗೆಹರಿಸುವ ಪ್ರಶ್ನೆಯಲ್ಲ. ಆದರೂ ಸುದ್ದಿ ಕೊಟ್ಟ ಮನೆಯ ತೋಟಕ್ಕೆ ಮೊದಲು ಉಣುಗು ಕೊಲ್ಲುವ ಮೆಲಾಥಿಯಾನ್ ಪುಡಿ, ಅಲ್ಲಿ ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡರಿಗೆ ಮೊದಲು ಎಣ್ಣೆ ಮತ್ತು ಕೆಲಸ ಮುಗಿದ ಮೇಲೆ ವಾರದ ಜ್ವರ ತಪಾಸಣೆ ಎಂಬ ಖಾತರಿ ಇದ್ದರೆ, ಗುಂಡಿ ತೋಡುವ ಕೈಗಳು ಫೋನ್ ಎತ್ತಬಹುದು. ಕೊನೆಗೌಡರು ಊರಿಂದೂರಿಗೆ ಹೋಗುವವರಾದ್ದರಿಂದ ಅವರ ಹೆಸರುಗಳು ಯಾವ ಹಳ್ಳಿಯ ಲಸಿಕೆ ಪಟ್ಟಿಯಲ್ಲಿಯೂ ಸೇರದೆ ಉಳಿಯುವ ಸಾಧ್ಯತೆ ಇದೆ, ಇದನ್ನು ಪಟ್ಟಿ ಮಾಡುವಾಗ ಗಮನಿಸಬೇಕೆಂದು ಕೋರುತ್ತೇನೆ.

ಕೇಂದ್ರಕ್ಕೆ ಮಂಜೂರಾತಿ, ಹುದ್ದೆ, ಕಟ್ಟಡ ಎಲ್ಲಕ್ಕೂ ಸಮಯ ಹಿಡಿಯುತ್ತದೆ ಎಂಬುದು ಗೊತ್ತು. ಉಣುಗು ಎಣಿಸಲು ಮಾತ್ರ ಕಟ್ಟಡ ಬೇಡ. ಒಂದು ಚದರ ಮೀಟರಿನ ಬಿಳಿ ಬಟ್ಟೆ, ಒಂದು ಕೋಲು, ಚಿಮಟ, ಸೀಸೆ, ಪೆನ್ಸಿಲ್, ಪುಸ್ತಕ, ಗಮ್ ಬೂಟು ಸಾಕು. ಅರಲಗೋಡು ಸೇರಿದಂತೆ ನಾಲ್ಕೈದು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ ಈ ಕೆಲಸವನ್ನು ಬರುವ ಅಕ್ಟೋಬರಿನಲ್ಲಿ, ಮಧ್ಯದ ಹಂತದ ಉಣುಗುಗಳು ಏಳುವ ಮೊದಲು ಆರಂಭಿಸುವಂತೆ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಸೂಚಿಸಬೇಕೆಂದು ವಿನಂತಿಸುತ್ತೇನೆ. ಅಕ್ಟೋಬರ್ ತಪ್ಪಿದರೆ ಈ ಋತುವಿನ ಮೊದಲ ಅಂಕಿ ನಮಗೆ ಸಿಗುವುದಿಲ್ಲ, ಅದಕ್ಕಾಗಿ ಮತ್ತೆ ಒಂದು ವರ್ಷ ಕಾಯಬೇಕಾಗುತ್ತದೆ. ಬಟ್ಟೆ ಎಳೆಯುವುದನ್ನು ಕಲಿಸಲು ನಾನು ಮತ್ತು ನನ್ನ ಜೊತೆ ಓದಿದ ಇಬ್ಬರು ಯಾವ ಸಂಭಾವನೆಯೂ ಇಲ್ಲದೆ ಬರಲು ಸಿದ್ಧರಿದ್ದೇವೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಸಾಗರ ತಾಲೂಕಿನ ಒಬ್ಬ ಸಾಂಕ್ರಾಮಿಕ ರೋಗ ಅಧ್ಯಯನಕಾರ್ತಿ